ತೊಟ್ಟಿನ ಕಡೆಯ ಚೂರು

ಬಾಯಿಗಿಟ್ಟ ಚೂರನ್ನು ಬೀಗ ರಿಪೇರಿಯವನು ಥೂ ಎಂದು ಸಿಂಕಿಗೆ ಉಗಿದ. ಇದು ನಾಲ್ಕನೆಯದು. ಬೆಳಗ್ಗೆ ತನ್ನ ಹಿತ್ತಲ ಬಳ್ಳಿಯಿಂದ ಕಿತ್ತು ತಂದ ಏಳು ಸೌತೆಕಾಯಿಗಳು ಹಲಗೆಯ ಮೇಲೆ ಸೀಳಿಕೊಂಡು ಬಿದ್ದಿದ್ದವು. ಮೂರು ಸರಿ, ನಾಲ್ಕು ವಿಷ. ಅಂಥಿಂಥ ಕಹಿಯಲ್ಲ, ಕಿವಿಯ ತನಕ ಏರುವ ಕಹಿ.

ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಹೀಗಾಗಿರಲಿಲ್ಲ. "ನನ್ನ ಬಳ್ಳೀಲಿ ಕಹಿ ಅನ್ನೋದೇ ಹುಟ್ಟಲ್ಲ" ಎಂದು ಬೀಗ ತಂದವರಿಗೆಲ್ಲ ಅವನು ಹೇಳಿದ್ದೇ ಹೇಳಿದ್ದು. ಆ ಮಾತು ಕೇಳಿಯೇ ಪೆಟ್ಟಿಗೆಯಕ್ಕ ಅವನ ಬೀಜ ಬಿತ್ತುವ ಮನಸ್ಸು ಮಾಡಿದ್ದಳು. ಊರಾಚೆಯ ತೋಟದಿಂದ ವಾರಕ್ಕೊಮ್ಮೆ ಮನೆಮನೆಗೆ ತರಕಾರಿ ಪೆಟ್ಟಿಗೆ ತರುವ ಹೆಂಗಸು ಅವಳು. ವಾರವಾರ ಪೆಟ್ಟಿಗೆ ತರಲು ಹೇಳಿದ್ದು ಅವನ ಹೆಂಡತಿ. ಮನೆಯಲ್ಲೇ ತೋಟವಿರುವಾಗ ಪರರ ತೋಟದ್ದು ಯಾಕೆ ಎಂದು ಅವನು ರೇಗಿದ್ದ. ಆದರೆ ಪೆಟ್ಟಿಗೆ ಬಂದ ದಿನ ಬಾಗಿಲಲ್ಲೇ ನಿಂತು ಹಸಿ ಬಟಾಣಿಯನ್ನು ಸುಲಿದು ಸುಲಿದು ತಿಂದು ಮುಗಿಸುವವನೂ ಅವನೇ. ಹೆಂಡತಿ ಹೆಚ್ಚಿ ಕೊಟ್ಟ ಸೌತೆಕಾಯಿ ತಿಂದಾಗಲೆಲ್ಲ ಪೆಟ್ಟಿಗೆಯಕ್ಕ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಈಗ ಅರ್ಧ ಎಕರೆ ಉತ್ತು ಹದ ಮಾಡಿಟ್ಟಿದ್ದಾಳೆ, ಬರೀ ಅವನ ಬೀಜಕ್ಕಾಗಿ. ಇವತ್ತು ಹನ್ನೊಂದಕ್ಕೆ ಬಂದು ಒಯ್ಯುವವಳು. ಬೀಜದ ಡಬ್ಬಿ ಕಿಟಕಿಯಲ್ಲಿ ಸಿದ್ಧವಾಗಿ ಕೂತಿತ್ತು.

ಯಾರೋ ಬುಡಕ್ಕೆ ಏನೋ ಸುರಿದಿದ್ದಾರೆ ಎಂದು ಹಿತ್ತಲಿಗೆ ಓಡಿದ. ಮಣ್ಣು ಹಿಡಿದು ಮೂಸಿದ. ಮಣ್ಣು ಮಣ್ಣಿನಂತೆಯೇ ಇತ್ತು. ಒಳಗೆ ಬಂದು ಹೆಂಡತಿಗೆ ಫೋನು ಹಚ್ಚಿದ. ಕಾಲು ಮುರಿದುಕೊಂಡ ತಂಗಿಯನ್ನು ನೋಡಿಕೊಳ್ಳಲು ಹೋಗಿ ಅವಳಿಗೆ ನಾಲ್ಕು ದಿನವಾಗಿತ್ತು. ಸೌತೆಕಾಯಿ ಕಾಲದಲ್ಲಿ ಅವಳು ಮನೆ ಬಿಟ್ಟು ಹೋದದ್ದು ಇದೇ ಮೊದಲು.

"ಏನ್ರೀ, ತಿಂಡಿ ಆಯ್ತಾ?"

"ತಿಂಡಿ ಹಾಳಾಗ್ಲಿ. ಹೋಗೋ ಮುಂಚೆ ಬಳ್ಳಿಗೆ ಏನು ಹಾಕಿದ್ದೆ?"

"ನೀರು."

"ಕಾಯಿ ಕಹಿ ಕಣೇ! ಏಳರಲ್ಲಿ ನಾಲ್ಕು ಕಹಿ!"

"ನಾಲ್ಕೇನಾ? ಹಾಗಾದ್ರೆ ಈ ಸಲ ಪರವಾಗಿಲ್ಲ ಬಿಡಿ" ಎಂದಳು.

"ಈ ಸಲ ಅಂದ್ರೆ?"

"ಪ್ರತಿ ವರ್ಷಾನೂ ಇರೋದೇ. ಬಿಸಿಲು ಜಾಸ್ತಿ ಆದ್ರೆ ಏಳಕ್ಕೆ ಐದು. ತೊಟ್ಟಿನ ಕಡೆ ಒಂದು ಚೂರು ಕಚ್ಚಿ ನೋಡ್ತಿದ್ದೆ. ಚೆನ್ನಾಗಿರೋದು ನಿಮ್ಮ ತಟ್ಟೆಗೆ."

"ಕಹಿದು?"

"ಗುಂಡಿಗೆ ಹಾಕಿದ್ರೆ ನೀವು ದಿನಾ ಗೊಬ್ಬರ ಕೆದಕೋರು, ಕಾಣ್ತಿತ್ತಲ್ಲ. ಅದಕ್ಕೇ ತಿಂತಿದ್ದೆ."

"ಇಪ್ಪತ್ತಾರು ವರ್ಷ?"

"ಉಪ್ಪು ಹಾಕ್ಕೊಂಡ್ರೆ ಇಳಿಯುತ್ತೆ ಕಣ್ರೀ."

ಅವಳು ಕಿಟಕಿಯ ಕಡೆ ಮುಖ ಮಾಡಿ, ಮುಟಿಗೆಗಟ್ಟಲೆ ಉಪ್ಪು ಉದುರಿಸಿಕೊಂಡು ತಿನ್ನುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ರಕ್ತದ ಒತ್ತಡ ಬರುತ್ತೆ, ನಾಲಿಗೆ ಹಿಡಿತದಲ್ಲಿಟ್ಟುಕೋ ಎಂದು ಬೈದವನು ಅವನೇ. ಯಾರಿಗಾದರೂ ಇಡೀ ಕಾಯಿ ಕೊಡಹೋದರೆ, "ಕೊಡಿ, ಹೆಚ್ಚಿಕೊಡ್ತೀನಿ, ಇಲ್ಲೇ ತಿಂದು ಹೋಗ್ಲಿ" ಎಂದು ಕಿತ್ತುಕೊಳ್ಳುತ್ತಿದ್ದಳು. ಊರಿನ ಅರ್ಧ ಬಾಗಿಲುಗಳ ಒಳಗುಟ್ಟು ಅವನಿಗೆ ಗೊತ್ತಿತ್ತು. ತನ್ನ ಅಡುಗೆಮನೆಯದು ಗೊತ್ತಿರಲಿಲ್ಲ.

"ಒಂದು ಮಾತು ಹೇಳೋಕೆ ಏನಾಗಿತ್ತೇ ನಿಂಗೆ?"

"ಕಾರ್ಖಾನೆ ಮುಚ್ಚಿ ನಿಮ್ಮ ಕೆಲಸ ಹೋದ ವರ್ಷ ಹಿತ್ತಲು ಅಗೆದ್ರಲ್ಲ. ಮೂರು ತಿಂಗಳು ಯಾರ ಹತ್ರಾನೂ ಮಾತಿಲ್ಲ ನಿಮ್ಮದು. ಮೊದಲನೇ ಕಾಯಿ ತಂದು ನನ್ನ ಬಾಯಿಗಿಟ್ಟು, ಸಿಹಿ ಇದೆಯಾ ಅಂದ್ರಿ. ಆ ಮುಖ ನೋಡಿ ಕಹಿ ಅನ್ನೋಕೆ ಬಾಯಿ ಬರ್ಲಿಲ್ಲ. ಆಮೇಲೆ ಹೇಳೋಕೆ ಪುರುಸೊತ್ತಾಗ್ಲಿಲ್ಲ." ತಂಗಿ ಕರೆದದ್ದು ಕೇಳಿಸಿತು. "ಬಂದೆ ಕಣೇ! ಇಡ್ತೀನಿ ರೀ, ಇವಳನ್ನ ಎಬ್ಬಿಸಬೇಕು."

ಹೊರಗೆ ವ್ಯಾನು ನಿಂತ ಸದ್ದಾಯಿತು. ಪೆಟ್ಟಿಗೆಯಕ್ಕ ಮೊಣಕಾಲಿನಿಂದ ಬಾಗಿಲು ತಳ್ಳಿಕೊಂಡು ಬಂದು ಪೆಟ್ಟಿಗೆ ಇಳಿಸಿದಳು. ಮಣ್ಣು ಅಂಟಿದ ಬೀಟ್‌ರೂಟು, ಎಲೆಯ ಮೇಲೆ ಇನ್ನೂ ನೀರಿದ್ದ ಮೂಲಂಗಿ, ಮೇಲೆ ಬಟಾಣಿ.

"ಬೀಜ ಎಲ್ಲಣ್ಣಾ? ಮಣ್ಣು ಬಾಯಿ ಬಿಟ್ಕೊಂಡು ಕಾಯ್ತಿದೆ."

ಅವನು ಕಿಟಕಿಯಿಂದ ಡಬ್ಬಿ ಎತ್ತಿಕೊಂಡ. ಕೊಟ್ಟುಬಿಟ್ಟರೆ ಮಾತು ಉಳಿಯುತ್ತದೆ. ಬೆಳೆ ಕಹಿಯಾದರೆ ನಿನ್ನ ಮಣ್ಣಿನ ದೋಷ ಎನ್ನಬಹುದು. ಇಷ್ಟು ಯೋಚನೆ ಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಹಲಗೆಯಿಂದ ಒಂದು ಚೂರೆತ್ತಿ ಅವಳ ಕಡೆ ಚಾಚಿದ.

"ಮೊದಲು ಇದನ್ನ ತಿನ್ನಮ್ಮ."

ಎಂದಿನಂತೆ ಕಣ್ಣು ಮುಚ್ಚಿ ಕಚ್ಚಿದವಳು ಬೆಚ್ಚಿಬಿದ್ದು ಬಾಗಿಲಾಚೆ ಉಗಿದಳು. "ಅಯ್ಯಪ್ಪಾ! ಏನಣ್ಣಾ ಇದು, ಸಾಯಿಸ್ತೀರಾ?"

"ಇದೇ ನನ್ನ ಬೀಜದ್ದು."

"ತಮಾಷೆ ಬೇಡ. ಮತ್ತೆ ಅಕ್ಕ ಕೊಡ್ತಿದ್ದದ್ದು?"

"ಅದು ಅವಳು ಆರಿಸಿದ್ದು. ಎಲ್ಲಾನೂ ಕಚ್ಚಿ ನೋಡಿ, ಚೆನ್ನಾಗಿರೋದು ನಮಗೆ, ಕಹಿದು ಅವಳಿಗೆ. ನನಗೂ ಈಗಲೇ ಗೊತ್ತಾಗಿದ್ದು."

ಪೆಟ್ಟಿಗೆಯಕ್ಕ ಅವನ ಮುಖ ನೋಡಿದಳು, ಹಲಗೆ ನೋಡಿದಳು. ನಗಬೇಕೋ ಬೇಡವೋ ತಿಳಿಯದೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅರ್ಧ ಎಕರೆ ಅಣ್ಣಾ" ಎಂದಷ್ಟೇ ಅಂದು, ಖಾಲಿ ಕೈಯಲ್ಲಿ ವ್ಯಾನು ಹತ್ತಿದಳು. ಆ ದಿನ ಬಟಾಣಿ ಹಾಗೇ ಪೆಟ್ಟಿಗೆಯಲ್ಲಿ ಉಳಿಯಿತು.

ಮುಂದಿನ ವಾರ ಹೆಂಡತಿ ಬಂದಳು. ಚೀಲ ಇಳಿಸಿ, ಕೈಕಾಲು ತೊಳೆದು ಅಡುಗೆಮನೆಗೆ ಬರುವಷ್ಟರಲ್ಲಿ ಚಾಕು ಅವನ ಕೈಯಲ್ಲಿತ್ತು. ಒಂದೊಂದರದ್ದೂ ತೊಟ್ಟಿನ ಕಡೆ ಚೂರು ಕಚ್ಚುತ್ತಿದ್ದ.

"ಇದೇನ್ರೀ ಹೊಸ ವೇಷ?"

"ಕೂತ್ಕೋ."

ತಟ್ಟೆಯನ್ನು ಅವಳ ಮುಂದೆ ಇಟ್ಟ. ಅವಳು ಒಂದು ಚೂರು ಬಾಯಿಗಿಟ್ಟು, ಅಭ್ಯಾಸಬಲದಿಂದ ಉಪ್ಪಿನ ಭರಣಿಗೆ ಕೈ ಚಾಚಿದಳು. ಭರಣಿ ಇದ್ದ ಜಾಗ ಖಾಲಿ ಇತ್ತು. ತಲೆಯೆತ್ತಿದಳು. ಅವನು ಕಿಟಕಿಯ ಕಡೆ ಮುಖ ಮಾಡಿ ನಿಂತು, ಭರಣಿ ಬಗ್ಗಿಸಿ ಉಪ್ಪು ಉದುರಿಸಿಕೊಳ್ಳುತ್ತಿದ್ದ.