ಯಜಮಾನರು ದುಬೈಯಲ್ಲಿದ್ದಾರೆ

ಹೊಸ ಬಣ್ಣದ ವಾಸನೆ, ಅದರ ಹಿಂದೆ ಯಾರದೋ ಒಗ್ಗರಣೆಯದು, ಸಾಸಿವೆ ಒಂದಿಷ್ಟು ಸೀದಿದೆ, ಕೆಳಗಿನ ಮನೆಯಲ್ಲಿ ಅಡುಗೆ ಮಾಡಿಕೊಂಡು ತಿನ್ನುವವರಿದ್ದಾರೆ, ಒಳ್ಳೆಯದೇ, ಎಂದುಕೊಳ್ಳುತ್ತ ವತ್ಸಲಾ ಮೆಟ್ಟಿಲು ಹತ್ತುತ್ತಿದ್ದಾಳೆ – ಮುಂದೆ ಬ್ರೋಕರ್ ಅಂಬರೀಶನ ಚಪ್ಪಲಿ ಚಟಪಟ, ಅವನು ತಿರುಗಿ ಪಿಸುಗುಟ್ಟುತ್ತಾನೆ, ಮೇಡಂ, ಓನರ್ ಕೇಳಿದ್ರೆ ಯಜಮಾನ್ರು ದುಬೈಲಿದ್ದಾರೆ ಅಂದ್ಬಿಡಿ, ನಾನು ಆಗ್ಲೇ ಹಾಗೇ ಹೇಳಿದ್ದೀನಿ. ದುಬೈ. ಗಂಡನಾಗಿದ್ದ ದ್ವಾರಕಾನಾಥನನ್ನು ದುಬೈಗೆ ಕಳಿಸುತ್ತಿರುವುದು ಇದು ಮೂರನೇ ಸಲ, ತಿರುಪತಿಗೆ ಹೋಗುವಾಗಲೂ ಮೊಸರನ್ನದ ಡಬ್ಬಿ ಹೊತ್ತ ಮನುಷ್ಯ, ಅವನೆಲ್ಲಿ ದುಬೈ ಎಲ್ಲಿ, ನಗು ಬರುತ್ತದೆ, ಅವನಿರುವುದು ಪೀಣ್ಯದ ಆಚೆ, ಇನ್ನೊಬ್ಬಳ ಜೊತೆ, ಆರು ವರ್ಷವಾಯಿತು, ಕೋರ್ಟು ಕೊಟ್ಟ ವಿಚ್ಛೇದನದ ಕಾಗದ ಟ್ರಂಕಿನ ತಳದಲ್ಲಿದೆ, ಸಿಟ್ಟನ್ನೂ ಅದರೊಳಗೇ ಮಡಿಸಿಟ್ಟಿದ್ದಳೇನೋ, ಈಗ ಹುಡುಕಿದರೂ ಸಿಗುವುದಿಲ್ಲ. ಸಿಗಬೇಕಾದದ್ದು ಮನೆ. ನಾಳೆಯಿಂದ ತಪ್ಪದೆ ಬೆಳಿಗ್ಗೆ ಆರೂವರೆಗೆ ಆಸ್ಪತ್ರೆಯ ಲ್ಯಾಬಿನಲ್ಲಿರಬೇಕು, ರಕ್ತ ಕೊಡೋಕೆ ಬರಿಹೊಟ್ಟೆಯಲ್ಲಿ ಬಂದವರು ತೋಳು ಚಾಚಿ ಕೂತಿರ್ತಾರೆ ಮೇಡಂ, ಅವರನ್ನ ಕಾಯಿಸೋಕಾಗಲ್ಲ, ಇನ್ನೊಂದು ಸಲ ಲೇಟಾದ್ರೆ ಬೇರೆಯವರನ್ನ ನೋಡ್ತೀವಿ – ಲ್ಯಾಬಿನ ದೊಡ್ಡವರು ದನಿ ಏರಿಸದೆ ಹೇಳಿದ್ದರು, ದನಿ ಏರಿಸಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ನಾಗಸಂದ್ರದ ಅಣ್ಣನ ಮನೆಯಿಂದ ಮೊದಲ ಬಸ್ಸು, ಮೆಜೆಸ್ಟಿಕ್ಕಿನಲ್ಲಿ ಇನ್ನೊಂದು, ಮಾರತ್ತಹಳ್ಳಿ ಸೇತುವೆ ದಾಟುವಷ್ಟರಲ್ಲಿ ಬಿಸಿಲು ಏರಿರುತ್ತದೆ, ವೈಟ್‌ಫೀಲ್ಡ್ ಇನ್ನೂ ದೂರ. ಅಷ್ಟು ಕಷ್ಟ ಯಾಕೆ, ಬಿಟ್ಬಿಡು, ಇಲ್ಲೇ ಇದ್ಯಲ್ಲ, ಅಂದ ಅಣ್ಣ ಪ್ರಸನ್ನ, ಅವನ ಮಾತಿನಲ್ಲಿ ಕಪಟವಿಲ್ಲ, ಆದರೆ ಆರು ವರ್ಷದಿಂದ ಅವಳು ಮಲಗುವುದು ನಡುಮನೆಯಲ್ಲಿ, ಟಿ.ವಿ. ಆರಿದ ಮೇಲೆ ಹಾಸಿಗೆ ಬಿಚ್ಚಿ, ಹಾಲಿನವನು ಬರುವ ಮೊದಲು ಸುತ್ತಿಡುವುದು, ಈ ಕೆಲಸವೂ ಹೋದರೆ ಆ ಹಾಸಿಗೆಯನ್ನು ಇನ್ನೆಷ್ಟು ವರ್ಷ ಸುತ್ತಬೇಕು.

ಆಸ್ಪತ್ರೆಯ ಎದುರಿನ ಅಪಾರ್ಟ್‌ಮೆಂಟಿನ ಗೇಟಿನಲ್ಲೇ ಸೆಕ್ಯೂರಿಟಿಯವನು ಕೇಳಿದ್ದ, ಕೆಲಸಕ್ಕೆ ಬಂದಿದ್ದಾ ಅಕ್ಕ, ಯಾವ ಫ್ಲಾಟು – ಅಲ್ಲಿಯ ಬಾಡಿಗೆ ಕೇಳಿದ ಮೇಲೆ ಅವನ ತಪ್ಪೇನಿಲ್ಲ ಅನ್ನಿಸಿತು, ಅವಳ ಸಂಬಳಕ್ಕಿಂತ ಅದೇ ದೊಡ್ಡದು. ಇನ್ನೊಂದು ಕಡೆ ಬ್ಯಾಚುಲರ್ಸ್‌ಗೆ ಕೊಡಲ್ಲ ಅಂದರು, ನಲವತ್ತನಾಲ್ಕನೇ ವಯಸ್ಸಿನಲ್ಲಿ ತಾನು ಬ್ಯಾಚುಲರ್ ಆದೆನೆಂದು ಅವಳಿಗೆ ಅವತ್ತೇ ತಿಳಿದದ್ದು. ಪಿ.ಜಿ.ಯಲ್ಲಿ ನಾಲ್ಕು ಮಂಚ, ಮೂರರ ಮೇಲೆ ಇಪ್ಪತ್ತು ದಾಟಿರದ ಹುಡುಗಿಯರು, ಆಂಟಿ ಬನ್ನಿ ಅಂತ ಪ್ರೀತಿಯಿಂದಲೇ ಕರೆದವು ಪಾಪ. ಆಮೇಲೆ ದುಬೈ ಶುರುವಾಯಿತು, ದೀಪಾವಳಿಗೆ ಬರ್ತಾರೆ ಅಂದಳು, ಒಬ್ಬರು ಅವರ ನಂಬರ್ ಕೊಡಿ ಅಂದರು, ಮತ್ತೊಬ್ಬರು ಫೋಟೋ ತೋರಿಸಿ ಅಂದರು – ಈಗ ಇಲ್ಲಿ ಮೆಟ್ಟಿಲ ಕೊನೆಯಲ್ಲಿ ಬಾಗಿಲು ತೆರೆದಿದೆ, ಒಂದೇ ಕೋಣೆ, ಮೂಲೆಯಲ್ಲಿ ಅಡುಗೆಗೆ ಕಟ್ಟೆ, ಕಿಟಕಿ ಪೂರ್ವಕ್ಕೆ, ಕಿಟಕಿಯಾಚೆ ಎರಡು ಕಟ್ಟಡಗಳ ನಡುವೆ ಒಂದು ತುಂಡು ಅವರೆ ಹೊಲ, ಅದರಾಚೆ ಆಸ್ಪತ್ರೆಯ ನೀಲಿ ಗಾಜು, ನಡೆದರೆ ಹತ್ತು ನಿಮಿಷ, ಬಾಡಿಗೆಯೂ ಅವಳ ಕೈಗೆ ಎಟುಕುವಂಥದು. ಒಳಗೆ ಮುನಿಯಕ್ಕ ನಿಂತಿದ್ದಾಳೆ, ಈ ಮೂರಂತಸ್ತಿನ ಒಡತಿ, ಒಂದು ಕಾಲಕ್ಕೆ ಇದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದವಳು, ಅರವತ್ತೈದರ ಮೇಲಿರಬೇಕು, ನೋಟ ಮಾತ್ರ ಕಳೆ ಕೀಳುವವರ ನೋಟ. ನಿಮ್ ಯಜಮಾನ್ರು ದುಬಾಯಿಂದ ಯಾವಾಗ್ ಬತ್ತಾರಮ್ಮ?

ದೀಪಾವಳಿಗೆ – ಬಾಯಿ ಸಿದ್ಧವಾಗಿದೆ, ಹೇಳಿಬಿಟ್ಟರೆ ನಾಳೆ ಇಲ್ಲಿಂದ ನಡೆದೇ ಹೋಗಬಹುದು, ಆದರೆ ಹೇಳಿದರೆ ದಿನಾ ಈ ಮೆಟ್ಟಿಲ ಮೇಲೆ ಅವನನ್ನು ಸಾಕಬೇಕು, ಫೋನು ಬಂತು ಅನ್ನಬೇಕು, ರಜ ಸಿಗಲಿಲ್ಲ ಅನ್ನಬೇಕು, ಅವನಿಗೆ ಜ್ವರ ಬರಿಸಿ ತಾನೇ ವಾಸಿ ಮಾಡಬೇಕು, ಅಯ್ಯೋ, ಅದು ಅವನ ಜೊತೆ ಮತ್ತೆ ಸಂಸಾರ ಹೂಡಿದ ಹಾಗೇ ಅಲ್ಲವೇ. ಬರಲ್ಲ ಅಮ್ಮ, ಅನ್ನುತ್ತಿದ್ದಾಳೆ, ತನ್ನ ದನಿ ತನಗೇ ಕೇಳಿಸುತ್ತಿದೆ, ಅವರು ದುಬೈಲಿಲ್ಲ, ನಾವು ಬೇರೆಯಾಗಿ ಆರು ವರ್ಷ ಆಯ್ತು, ಇಲ್ಲಿ ನಾನೊಬ್ಳೇ ಇರೋದು. ಅಂಬರೀಶ ಮೊಬೈಲಿನಲ್ಲಿ ಮುಖ ಹುದುಗಿಸಿದ್ದಾನೆ, ಪಾಪ, ಅವನ ಕಮಿಷನ್ನೂ ಹೋಯಿತು. ಯಾಕ್ಲಾ ಸುಳ್ಳೇಳ್ದೆ, ಮುನಿಯಕ್ಕ ಅವನತ್ತ ತಿರುಗುತ್ತಾಳೆ. ನಿಜ ಹೇಳಿದ್ರೆ ಮನೆ ತೋರಿಸ್ತಿದ್ಯಾ ಮುನಿಯಕ್ಕ, ಅನ್ನುತ್ತಾನೆ ಅವನು. ಇಲ್ಲ, ತೋರಿಸ್ತಿರ್ಲಿಲ್ಲ, ಅನ್ನುತ್ತಾಳೆ ಆಕೆ, ಕೊಂಚವೂ ತಡವರಿಸದೆ, ಆಮೇಲೆ ನಲ್ಲಿಯ ಬಳಿ ಹೋಗಿ ತಿರುಗಿಸುತ್ತಾಳೆ, ಅದು ಕೆಮ್ಮುತ್ತದೆ, ಗಾಳಿ ಉಗುಳುತ್ತದೆ, ನೀರು ಬರುತ್ತದೆ, ಮೂರು ಜನವೂ ನೀರನ್ನೇ ನೋಡುತ್ತಿದ್ದಾರೆ. ಒಂದಿನ ಬುಟ್ಟು ಒಂದಿನ ಬತ್ತದೆ, ಒಂದು ಡ್ರಮ್ಮು ತಂದಿಕ್ಕೋ, ಗಂಡ ಇರೋ ಮನೆಗೋಳ್ದೇ ನಂಗೆ ಗಲಾಟೆ ಜಾಸ್ತಿ ಕಣಮ್ಮ, ಅನ್ನುತ್ತ ಆಕೆ ಸೆರಗಿನ ತುದಿಯನ್ನು ಮುಂದೆ ತಂದುಕೊಳ್ಳುತ್ತಾಳೆ, ಬೀಗದ ಕೈ ಅಲ್ಲಿದೆ, ಗಂಟು ಹಾಕಿಕೊಂಡಿದ್ದಾಳೆ – ಡ್ರಮ್ಮು, ಸ್ಟವ್ವು, ಒಂದು ಚಾಪೆ, ಅಣ್ಣನಿಗೆ ಹೇಗೆ ಹೇಳುವುದು, ಕಾಯಿಸದೆ ಇವತ್ತೇ ಹೇಳಿಬಿಡಬೇಕು, ಅತ್ತಿಗೆ ಅಕ್ಕಿ ಕಟ್ಟಿಕೊಡುತ್ತಾಳೆ, ಹಾಸಿಗೆಯನ್ನು ಇಲ್ಲಿ ಕಿಟಕಿಯ ಕೆಳಗೆ, ಬೆಳಗಾದರೂ ಸುತ್ತದೆ ಹಾಗೇ ಬಿಟ್ಟು – ಮುನಿಯಕ್ಕನ ಬೆರಳು ಗಂಟಿನ ಮೇಲಿದೆ, ಉಗುರು ಸವೆದಿದೆ, ಜಾರುತ್ತದೆ, ಮತ್ತೆ ಹಿಡಿಯುತ್ತಾಳೆ, ನಾನು ಬಿಚ್ಚಲೇ ಅನ್ನಬೇಕೆನ್ನಿಸಿ ವತ್ಸಲಾ ಕೈ ಮುಂದೆ ಮಾಡುವಷ್ಟರಲ್ಲಿ ಮುನಿಯಕ್ಕ ಸೆರಗನ್ನು ಬಾಯಿಗೊಯ್ಯುತ್ತಾಳೆ, ಆ ಗಂಟು, ಬೆವರಿಗೆ ಬಿಗಿದುಕೊಂಡ ಆ ಪುಟ್ಟ ಗಂಟು, ಹಲ್ಲುಗಳ ನಡುವೆ, ಆ ಗಂಟು –