ಪಾಲುದಾರನ ಕೋಟು

ಬುಧವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ತುಮಕೂರು ಸದಾಶಿವನಗರದ ನಾರಿನ ಕಂಪನಿಯ ಕಚೇರಿಯಲ್ಲಿ, ಲಕ್ಷ್ಮೀಕಾಂತ್ ಮಾಲೀಕನ ಕೋಟು ಹಾಕಿಕೊಂಡ.

“ಕಾಲರ್ ಮುಟ್ಬ್ಯಾಡ ಕಣ್ಲಾ. ನನ್ ಮದ್ವೆ ಕೋಟು ಅದು. ನಿನ್ ಬೆವ್ರು ಹತ್ತುದ್ರೆ ಯಾವ್ ಡ್ರೈಕ್ಲೀನಿಂಗ್‌ನಲ್ಲೂ ಹೋಗಕಿಲ್ಲ,” ಎಂದ ಜಯಪ್ರಕಾಶ್.

ಲಕ್ಷ್ಮೀಕಾಂತ್ ಕೈ ಕೆಳಗಿಳಿಸಿದ. ಭುಜ ಬಿಗಿಯುತ್ತಿತ್ತು. ಮೂವತ್ತು ವರ್ಷ ತೆಂಗಿನ ಮಟ್ಟೆ ಹೊತ್ತ ಭುಜ ಅದು, ಆ ಕೋಟಿನ ಅಳತೆಯದಲ್ಲ.

“ಕುತ್ಕೋ ನನ್ ಕುರ್ಚಿ ಮ್ಯಾಲೆ. ತಡಿ, ತಡಿ. ಸುಧಾ, ಕುರ್ಚಿಗೊಂದ್ ಟವಲ್ ಹಾಸಮ್ಮ.”

ಕಚೇರಿಯ ಕಾಗದಪತ್ರ ನೋಡಿಕೊಳ್ಳುವ ಸುಧಾ ಟವಲ್ ತಂದು ಹಾಸಿದಳು. ಕ್ಯಾಮೆರಾಕ್ಕೆ ಕಾಣಬಾರದೆಂದು ಅದರ ಅಂಚನ್ನು ಒಳಕ್ಕೆ ಮಡಚಿದಳು. ಅವನ ಮುಖ ನೋಡಲಿಲ್ಲ.

ಜಯಪ್ರಕಾಶ್, ಲಕ್ಷ್ಮೀಕಾಂತ್ ಇಬ್ಬರೂ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಕಡೆಯ ಒಂದೇ ಊರಿನವರು. ಜಯಪ್ರಕಾಶನ ಅಪ್ಪನ ತೋಟದಲ್ಲಿ ಲಕ್ಷ್ಮೀಕಾಂತನ ಅಪ್ಪ ಚೌಡಪ್ಪ ನಲವತ್ತು ವರ್ಷ ಕಾಯಿ ಸುಲಿದಿದ್ದ. ಆ ಮನೆಯ ಹೊಸ್ತಿಲು ದಾಟದೆಯೇ ಸತ್ತ. ನಾಲ್ಕು ವರ್ಷದ ಹಿಂದೆ ಜಯಪ್ರಕಾಶ್ ಮೊಜಾಂಬಿಕ್ ದೇಶದ ಕೆಲಿಮಾನೆ ಎಂಬ ಊರಿನಲ್ಲಿ ತೆಂಗಿನ ನಾರಿನ ಕಾರ್ಖಾನೆ ಹಾಕಿದಾಗ, ಲಕ್ಷ್ಮೀಕಾಂತನೂ ಸೇರಿ ಯಂತ್ರ ಗೊತ್ತಿದ್ದ ನಾಲ್ವರನ್ನು ಈ ಕಡೆಯಿಂದ ಕರೆದೊಯ್ದ. ನಾಲ್ವರೂ ಹೋದದ್ದು ಬಿಸಿನೆಸ್ ವೀಸಾದಲ್ಲಿ. ಕೆಲಸದ ವೀಸಾ ಮಾಡಿಸಿದರೆ ಕಂಪನಿ ಆ ದೇಶದ ಕಾರ್ಮಿಕ ಕಾನೂನಿಗೆ ತಲೆ ಬಾಗಬೇಕಿತ್ತು. ಬಿಸಿನೆಸ್ ವೀಸಾಕ್ಕೆ ಒಂದು ಪಾಲುದಾರಿಕೆ ಪತ್ರ, ಒಂದು ಕೋಟು ಸಾಕಿತ್ತು.

ಕೆಲಿಮಾನೆಯ ಕಾರ್ಖಾನೆಯಲ್ಲೂ ಒಂದು ಕೋಟಿತ್ತು. ನಾರು ಬಿಡಿಸುವ ಯಂತ್ರದ ಪಕ್ಕದ ಕಂಬದ ಮೊಳೆಗೆ ತೂಗುಹಾಕಿರುತ್ತಿದ್ದರು. ವಲಸೆ ಇಲಾಖೆಯ ಜೀಪು ಗೇಟಿಗೆ ಬಂದರೆ ಕಾವಲುಗಾರ ಗಂಟೆ ಬಾರಿಸುತ್ತಿದ್ದ. ಯಂತ್ರದ ಬಳಿ ಇದ್ದವನು ಗ್ರೀಸು ಒರೆಸಿಕೊಂಡು, ಬನಿಯನ್ ಮೇಲೆ ಕೋಟು ಏರಿಸಿ, ಆಫೀಸು ಕೋಣೆಯ ಕುರ್ಚಿಯಲ್ಲಿ ಕೂರಬೇಕು. ಮ್ಯಾನೇಜರ್ ಅವನ ಎದುರು ನಿಂತು ‘ಸಾರ್’ ಅನ್ನುತ್ತಿದ್ದ. ಜೀಪು ಹೋದ ಮೇಲೆ, “ಏಳೋ, ಪಾಲ್ದಾರ,” ಅನ್ನುತ್ತಿದ್ದ.

ವೀಸಾ ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಹಿಂದಿನ ಸಲವೆಲ್ಲ ಏಜೆಂಟನೇ ಕಾಗದ ಓಡಿಸಿ ಮುಗಿಸಿದ್ದ. ಈ ಸಲ ಅಲ್ಲಿನ ಅಧಿಕಾರಿಗಳು ಪಾಲುದಾರನ ಜತೆ ವಿಡಿಯೋದಲ್ಲಿ ನೇರವಾಗಿ ಮಾತಾಡಬೇಕು ಅಂದಿದ್ದರು. ಸಮಯ ಹನ್ನೊಂದೂವರೆ. ಅಲ್ಲಿ ಆಗ ಬೆಳಿಗ್ಗೆ ಎಂಟು.

“ಹೇಳು. ಯಾರು ನೀನು?”

“ಪಾಲ್ದಾರ.”

“ಎಷ್ಟು ಪಾಲು?”

“ನೂರಕ್ಕೈದು.”

“ಕಾರ್ಖಾನೆಗೆ ಯಾಕ್ ಹೋಗ್ತೀಯ?”

“ಲೆಕ್ಕ ನೋಡಕ್ಕೆ.”

“ನಂಗೇನಂತ ಕರೀತೀಯ?”

“ಗೌಡ್ರೆ ಅಂತ.”

“ಥೂ, ನಿನ್ನ. ಪಾಲ್ದಾರ ಎಲ್ಲಾರ ಗೌಡ್ರೆ ಅಂತಾನೇನ್ಲಾ? ಜಯಪ್ರಕಾಶ್ ಅನ್ಬೇಕು.”

“ಬರೀ ಜಯಪ್ರಕಾಶಾ?”

“ಬರೀ ಜಯಪ್ರಕಾಶು. ಕಾಲ್ ಶುರುವಾದಾಗ್ಲಿಂದ ಮುಗಿಯೋ ತಂಕ. ಆಮೇಲೂ ಅಂದ್ಯೋ, ನಾಲ್ಗೆ ಕಿತ್ತಾಕ್ತೀನಿ. ಎಲ್ಲಿ, ಅನ್ನು ಒಂದ್ಸತಿ.”

ಲಕ್ಷ್ಮೀಕಾಂತ್ ಬಾಯಿ ತೆರೆದ. ಮಾತು ಹೊರಡಲಿಲ್ಲ.

“ನೋಡಮ್ಮ ಸುಧಾ, ನನ್ ಹೆಸ್ರೇ ಹೊರಳಾಕಿಲ್ಲ ಈ ಕಾಲೋನಿ ನನ್ಮಗನ ಬಾಯಲ್ಲಿ,” ಎಂದು ಜಯಪ್ರಕಾಶ್ ನಕ್ಕ. ಆಮೇಲೆ ಮೇಜಿನ ಮೇಲೆ ಎರಡು ಹಾಳೆ ಇಟ್ಟ. “ಇದುಕ್ಕೆ ಸೈನ್ ಹಾಕು.”

ಮೊದಲನೆಯದು ನವೀಕರಣದ ಅರ್ಜಿ. ಲಕ್ಷ್ಮೀಕಾಂತ್ ಸಹಿ ಹಾಕಿದ. ಎರಡನೆಯದನ್ನು ನಿಧಾನವಾಗಿ ಓದಿದ. ‘ಶ್ರೀ ಹನುಮಂತರಾಜು ಅವರು ನನ್ನಂತೆಯೇ ಸಂಸ್ಥೆಯ ಪಾಲುದಾರರು. ಕಾರ್ಖಾನೆಯ ವೀಕ್ಷಣೆಗೆ ಬಂದಿದ್ದಾಗ ಸ್ವಂತ ಅಜಾಗರೂಕತೆಯಿಂದ ಯಂತ್ರಕ್ಕೆ ಕೈ ಹಾಕಿರುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿರುತ್ತೇನೆ.’

ಹನುಮಂತರಾಜು ನಾಲ್ವರಲ್ಲಿ ಒಬ್ಬ, ಕುಣಿಗಲ್‌ನವನು. ಪರಿಹಾರ ಕೇಳಿ ಅವನು ತುಮಕೂರಿನ ಕಾರ್ಮಿಕ ಅಧಿಕಾರಿಗೆ ಅರ್ಜಿ ಹಾಕಿದ್ದ. ಈ ಹಾಳೆ ಅದಕ್ಕೆ ಕಂಪನಿಯ ಉತ್ತರ.

“ಇದು ಕಾಲ್ ಆದ್ಮ್ಯಾಕೆ ಹಾಕ್ತೀನಿ ಗೌಡ್ರೆ.”

“ಯಾಕ್ಲಾ? ಅದ್ಕೂ ಮುಹೂರ್ತ ಬೇಕಾ?”

“ಕಾಲ್‌ಗೆ ಹೊತ್ತಾಯ್ತದೆ.”

“ಲೋ, ಬಾಯ್‌ಬುಟ್ಟು ಹೇಳ್ತೀನಿ ಕೇಳು. ಆ ಸೈನ್ ಇಲ್ದೆ ನಿನ್ ಪಾಸ್‌ಪೋರ್ಟು ಈ ಡ್ರಾಯರ್ ಬುಟ್ಟು ಆಚೆ ಬರಾಕಿಲ್ಲ.”

ಗುಬ್ಬಿಯಲ್ಲಿ ಮಗಳು ಇಂಪನಾ ಪಿಯುಸಿ ಓದುತ್ತಿದ್ದಳು. ಊರಲ್ಲಿ ಗೋಡೆ ಎದ್ದಿದ್ದ ಮನೆಗೆ ತಾರಸಿ ಬಿದ್ದಿರಲಿಲ್ಲ. ಎರಡೂ ಆ ವೀಸಾವನ್ನೇ ನೆಚ್ಚಿಕೊಂಡಿದ್ದವು. ಇದು ಜಯಪ್ರಕಾಶನಿಗೂ ಗೊತ್ತಿತ್ತು.

ಹಿಂದಿನ ದಿನ, ಮಂಗಳವಾರ, ಲಕ್ಷ್ಮೀಕಾಂತ್ ಬಸ್ಸು ಹತ್ತಿ ಕುಣಿಗಲ್‌ಗೆ ಹೋಗಿ ಬಂದಿದ್ದ.

ಹನುಮಂತರಾಜು ಮನೆ ಜಗಲಿಯ ಮೇಲೆ ಕೂತು ಹಳೇ ನೋಟ್‌ಬುಕ್ಕಿನಲ್ಲಿ ಎಡಗೈಯಿಂದ ತನ್ನ ಹೆಸರು ತಿದ್ದುತ್ತಿದ್ದ. ಬಲಗೈ ಮಣಿಕಟ್ಟಿನಿಂದ ಮುಂದಕ್ಕೆ ಇರಲಿಲ್ಲ.

“ಏ ರಂಗಲಕ್ಷ್ಮೀ, ಪಾಲ್ದಾರ್ರು ಬಂದವ್ರೆ. ಕುರ್ಚಿ ತಕಬಾರೇ,” ಎಂದು ಹೆಂಡತಿಯನ್ನು ಕೂಗಿದ.

“ಕುರ್ಚಿ ಎಲ್ಲದೆ ನಮ್ಮನ್ಯಾಗೆ? ಚಾಪೆ ಮ್ಯಾಲೆ ಕೂರಾದಾದ್ರೆ ಕೂರ್ಲಿ,” ಎಂದಳು ರಂಗಲಕ್ಷ್ಮಮ್ಮ. ಚಾಪೆ ಹಾಸಿ, ಟೀ ತಂದಿಟ್ಟು, ಒಳಗೆ ಹೋದಳು. ಬಾಗಿಲ ಹಿಂದೆಯೇ ನಿಂತಿದ್ದಳು.

“ಅವ್ರು ಒಂದ್ ಕಾಗ್ದ ತೋರುಸ್ತಾರಂತೆ. ನೀನೂ ಪಾಲ್ದಾರ್ನೇ, ಬರೀ ನೋಡಾಕೆ ಬಂದಿದ್ದೆ ಅಂತ,” ಎಂದ ಲಕ್ಷ್ಮೀಕಾಂತ್.

“ಗೊತ್ತು. ಹಾಕ್ಬುಡು ಸೈನು. ನಿಂಗೂ ಮಗಳವ್ಳೆ. ನನ್ ಕೈಯೇನ್ ಸೈನ್ ಹಾಕ್ದೇ ಇದ್ರೆ ಚಿಗುರ್ತದಾ?”

ಇಬ್ಬರೂ ಟೀ ಕುಡಿದರು.

“ನಂಗೆ ಕೈ ಹೋಗಿದ್ದು ಅಷ್ಟ್ ನೆಪ್ಪಿಲ್ಲ ಕಣೋ. ಕೋಟು ನೆಪ್ಪದೆ,” ಎಂದ ಹನುಮಂತರಾಜು.

ಲಕ್ಷ್ಮೀಕಾಂತನಿಗೆ ಎರಡೂ ನೆನಪಿತ್ತು. ಸಿಕ್ಕಿಕೊಂಡ ಮಟ್ಟೆ ಬಿಡಿಸಲು ಹನುಮಂತರಾಜು ಕೈ ಹಾಕಿದ. ಹಲ್ಲಿನ ಉರುಳೆ ಕೈಯನ್ನು ಎಳೆದುಕೊಂಡಿತು. ಪಕ್ಕದಲ್ಲಿದ್ದ ಕರಿಸಿದ್ದಪ್ಪ ಓಡಿಹೋಗಿ ಕರೆಂಟು ತೆಗೆದ. ಮ್ಯಾನೇಜರ್ ಬಂದವನೇ ಮೊದಲು ಕಂಬದ ಮೊಳೆಯಿಂದ ಕೋಟು ಇಳಿಸಿದ. ಆಸ್ಪತ್ರೆಯಲ್ಲಿ ಕೇಳಿದರೆ ಪಾಲುದಾರ ಅನ್ನಬೇಕಲ್ಲ. ಇಬ್ಬರು ಹಿಡಿದುಕೊಂಡರು, ಮ್ಯಾನೇಜರ್ ತೋಳು ಏರಿಸಿದ. ಎಡಗಡೆ ಸಲೀಸಾಗಿ ಹೋಯಿತು. ಬಲಗಡೆ ತೋಳಿನ ತುದಿಯಿಂದ ಕೈ ಆಚೆ ಬರಲಿಲ್ಲ. ಬರುವುದಕ್ಕೆ ಕೈ ಇರಲಿಲ್ಲ. ಆಮೇಲೆ ಗುಂಡಿ ಹಾಕಿದರು. ಆರನೇ ದಿನ ಅವನನ್ನು ವಿಮಾನ ಹತ್ತಿಸಿದರು. ಅದಕ್ಕೂ ಮೊದಲೇ ಮೊಳೆಗೆ ಬೇರೆ ಕೋಟು ಬಂದಿತ್ತು.

ಹೊರಡುವಾಗ ರಂಗಲಕ್ಷ್ಮಮ್ಮ ಬಾಗಿಲಿಗೆ ಬಂದಳು. “ಯಣ್ಣಾ, ಸೈನ್ ಹಾಕೋದ್ ಹಾಕು. ನಾನ್ ಬ್ಯಾಡ ಅನ್ನಾಕಿಲ್ಲ. ಆದ್ರೆ ಇನ್ನ್ಯಾವತ್ತೂ ಈ ಜಗ್ಲಿ ಹತ್ಬ್ಯಾಡ.”

“ಸಾರ್, ಲಿಂಕ್ ಓಪನ್ ಆಯ್ತು,” ಎಂದಳು ಸುಧಾ. ಕಚೇರಿಯಲ್ಲಿ ಈಗ ಗಂಟೆ ಹನ್ನೊಂದೂ ಇಪ್ಪತ್ತೆಂಟು.

ಕ್ಯಾಮೆರಾಕ್ಕೆ ಹಿಡಿಯಲೆಂದು ಜಯಪ್ರಕಾಶ್ ಪಾಸ್‌ಪೋರ್ಟನ್ನು ಲಕ್ಷ್ಮೀಕಾಂತನ ಮುಂದೆ ಇಟ್ಟ. ಸಹಿಯಾಗದ ಹಾಳೆಯನ್ನು ಅದರ ಕೆಳಗೆ ತಳ್ಳಿದ. ತಾನು ಲ್ಯಾಪ್‌ಟಾಪಿನ ಹಿಂದೆ, ಪರದೆಗೆ ಬೀಳದ ಕಡೆ ಹೋಗಿ ನಿಂತ. ಲಕ್ಷ್ಮೀಕಾಂತ್ ಕೂತಿದ್ದ, ಜಯಪ್ರಕಾಶ್ ನಿಂತಿದ್ದ.

ಪರದೆಯ ಮೇಲೆ ಕನ್ನಡಕ ಹಾಕಿದ್ದ ಒಬ್ಬ ಅಧಿಕಾರಿ ಹೆಂಗಸು, ಪಕ್ಕದಲ್ಲಿ ಹಿಂದಿ ಬಲ್ಲ ದುಭಾಷಿ. ದುಭಾಷಿ “ನಮಸ್ತೇ” ಅನ್ನುವಷ್ಟರಲ್ಲಿ ಲಕ್ಷ್ಮೀಕಾಂತ್, “ಬೊಂ ದಿಯಾ, ಸೆನ್ಯೋರಾ,” ಎಂದ.

ಅಧಿಕಾರಿಯ ಹುಬ್ಬು ಮೇಲೆ ಹೋಯಿತು. ನಮ್ಮ ಪೋರ್ಚುಗೀಸ್ ನಿಮಗೆ ಬರುತ್ತದೆಯೇ ಎಂದು ಕೇಳಿದಳು. ನಾಲ್ಕು ವರ್ಷ ಪಕ್ಕದ ಯಂತ್ರದವರ ಜತೆ ಮಾತಾಡಿ ಕಲಿತೆ ಎಂದ. ಕೂಲಿಯವರ ಪೋರ್ಚುಗೀಸ್ ಅದು, ವ್ಯಾಕರಣ ಇಲ್ಲದ್ದು. ಆದರೂ ಅವಳಿಗೆ ಅರ್ಥವಾಯಿತು. ಕೈ ಸನ್ನೆಯಲ್ಲೇ ದುಭಾಷಿಯನ್ನು ಸುಮ್ಮನಿರಿಸಿದಳು.

ಜಯಪ್ರಕಾಶನಿಗೆ ಆ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಅವಳು ನಕ್ಕದ್ದನ್ನು ಕಂಡು ಹೆಬ್ಬೆರಳೆತ್ತಿ ತೋರಿಸಿದ.

ನೀವು ಪಾಲುದಾರರೇ, ಎಂದಳು ಅಧಿಕಾರಿ.

ಅಲ್ಲ, ಎಂದ ಲಕ್ಷ್ಮೀಕಾಂತ್. ನಾನು ಯಂತ್ರದ ಕೆಲಸದವನು. ಈ ಕೋಟು ನನ್ನದಲ್ಲ. ಆಮೇಲೆ ಎರಡೂ ಕೈಯನ್ನು ಕ್ಯಾಮೆರಾದ ಹತ್ತಿರ ಹಿಡಿದ. ಅಂಗೈಯ ಬಿರುಕಿನಲ್ಲಿ ಕೂತ ಗ್ರೀಸು, ಊರಿಗೆ ಬಂದು ಎರಡು ವಾರ ಕಳೆದಿದ್ದರೂ ಹೋಗಿರಲಿಲ್ಲ.

ಜಯಪ್ರಕಾಶ್ ಹೆಬ್ಬೆರಳು ಇಳಿಸಿದ. “ಏನ್ ತೋರುಸ್ತಾ ಇದೀಯ್ಲಾ?” ಎಂದು ಪಿಸುಗುಟ್ಟಿದ.

ಲಕ್ಷ್ಮೀಕಾಂತ್ ನಿಲ್ಲಿಸಲಿಲ್ಲ. ಎಷ್ಟು ಜನ ಇದ್ದೆವು, ಎಷ್ಟು ಹೊತ್ತು ದುಡಿದೆವು, ಜೀಪು ಬಂದಾಗ ಏನು ಮಾಡುತ್ತಿದ್ದೆವು, ಒಂದೊಂದಾಗಿ ಹೇಳಿದ. ಅಧಿಕಾರಿ ಬರೆದುಕೊಳ್ಳುತ್ತಿದ್ದಳು. ಕೊನೆಗೆ, ಒಬ್ಬನ ಕೈ ಹೋಯಿತು, ಎಂದ. ಅವನ ಹೆಸರು ಹನುಮಂತರಾಜು.

ಜಯಪ್ರಕಾಶನಿಗೆ ಅರ್ಥವಾದ ಮಾತು ಅದೊಂದೇ.

“ಬೋಳಿಮಗನೆ,” ಎಂದವನೇ ಮೇಜು ಬಳಸಿ ಬಂದು ಕೋಟಿನ ಕಾಲರ್ ಹಿಡಿದ. “ತಿನ್ನೋ ತಟ್ಟೇಗೆ ಮಣ್ಣಾಕ್ತೀಯೇನ್ಲಾ? ನಿಮ್ಮಪ್ಪ ನನ್ ಹಿತ್ಲಲ್ಲಿ ಕೈ ಒಡ್ಡಿ ನೀರ್ ಕುಡ್ದೋನು. ಸುಧಾ, ಆಫ್ ಮಾಡು ಅದುನ್ನ.”

ಸುಧಾಳ ಕೈ ಲ್ಯಾಪ್‌ಟಾಪಿನಿಂದ ಒಂದು ಗೇಣು ದೂರದಲ್ಲಿತ್ತು. ಅಲ್ಲೇ ಇತ್ತು.

“ಸುಧಾ.”

“ಆಗ್ತಿಲ್ಲ ಸಾರ್,” ಎಂದಳು. ಮುಟ್ಟಿರಲಿಲ್ಲ.

ಪರದೆಯಲ್ಲೀಗ ಇಬ್ಬರೂ ಕಾಣುತ್ತಿದ್ದರು. ಈ ಮನುಷ್ಯ ಯಾರು, ಎಂದು ಅಧಿಕಾರಿ ಕೇಳಿದಳು.

“ಜಯಪ್ರಕಾಶ್,” ಎಂದ ಲಕ್ಷ್ಮೀಕಾಂತ್. ಗೌಡ್ರೆ ಇಲ್ಲ, ಸಾರ್ ಇಲ್ಲ. ಈ ಸಲ ನಾಲಗೆ ಹೊರಳಿತು.

ಕಾಲರ್ ಮೇಲಿದ್ದ ಕೈ ಸಡಿಲವಾಯಿತು.

ಇಷ್ಟು ಹೇಳಿದ ಮೇಲೆ ನಿಮಗೆ ವೀಸಾ ಸಿಗುವುದಿಲ್ಲ, ಗೊತ್ತೇ, ಎಂದಳು ಅಧಿಕಾರಿ. ಗೊತ್ತು, ಎಂದ. ಕರೆ ಹನ್ನೊಂದು ಐವತ್ತೊಂದಕ್ಕೆ ಮುಗಿಯಿತು.

ಲಕ್ಷ್ಮೀಕಾಂತ್ ಎದ್ದು ಕೋಟು ಬಿಚ್ಚಿ, ಟವಲಿನ ಮೇಲೆ ಇಟ್ಟ. ಪಾಸ್‌ಪೋರ್ಟನ್ನು ಅಂಗಿ ಜೇಬಿಗೆ ಹಾಕಿಕೊಂಡ. ಸಹಿಯಾಗದ ಹಾಳೆಯನ್ನು ನಾಲ್ಕಾಗಿ ಮಡಚಿ ಅದೇ ಜೇಬಿಗೆ ತುರುಕಿದ.

“ಊರಿಗೆ ಬಾ ಮಗನೆ. ಆ ಮನೆ ಗೋಡೆ ಎಷ್ಟ್ ದಿನ ನಿಲ್ತವೆ ನೋಡ್ತೀನಿ,” ಎಂದ ಜಯಪ್ರಕಾಶ್.

“ಅಲ್ಲೇ ಇರ್ತೀನಿ, ಬಾ,” ಎಂದ ಲಕ್ಷ್ಮೀಕಾಂತ್.

ರಸ್ತೆಗೆ ಬಂದು ಮೊದಲು ಕರಿಸಿದ್ದಪ್ಪನಿಗೆ ಫೋನ್ ಮಾಡಿದ. ನಾಲ್ವರಲ್ಲಿ ಇಬ್ಬರು ಇನ್ನೂ ಕೆಲಿಮಾನೆಯಲ್ಲಿದ್ದರು, ಕರಿಸಿದ್ದಪ್ಪ ಮತ್ತು ಮಹಾದೇವಯ್ಯ. ಎಲ್ಲ ಹೇಳಿದ. ಆ ಕಡೆ ಯಂತ್ರದ ಸದ್ದು ಕೇಳಿಸುತ್ತಿತ್ತು.

“ನಮ್ಮುನ್ನ ಒಂದ್ ಮಾತು ಕೇಳ್‌ಬೌದಿತ್ತಲ್ಲೋ,” ಎಂದ ಕರಿಸಿದ್ದಪ್ಪ.

“ಕೇಳ್ಬೇಕಿತ್ತು.”

“ಈಗೇನ್ಲಾ ಮಾಡಾದು ನಾವು?”

“ಜೀಪು ಬರ್ತದೆ. ಕೋಟು ಹಾಕ್ಕಬ್ಯಾಡ್ರಿ.”

ಕರಿಸಿದ್ದಪ್ಪ ಫೋನಿಟ್ಟ.

ನವೀಕರಣದ ಅರ್ಜಿ ತಿರಸ್ಕೃತವಾಗಿದೆ ಎಂಬ ಸಂದೇಶ ಶುಕ್ರವಾರ ಬಂತು. ಹನುಮಂತರಾಜುವಿನ ಅರ್ಜಿಯ ವಿಚಾರಣೆಯನ್ನು ಕಾರ್ಮಿಕ ಅಧಿಕಾರಿ ಎರಡು ತಿಂಗಳು ಮುಂದೂಡಿದರು. ಲಕ್ಷ್ಮೀಕಾಂತ್ ಒಯ್ದು ಕೊಟ್ಟ ಆ ಮಡಚಿದ ಹಾಳೆ ಈಗ ಹನುಮಂತರಾಜುವಿನ ಕಡತದಲ್ಲಿದೆ.

ಒಂಬತ್ತನೇ ದಿನ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಕೆಲಿಮಾನೆಯ ಕಾರ್ಖಾನೆಯ ಗೇಟಿಗೆ ಎರಡು ಜೀಪು ಬಂದವು. ಕಾವಲುಗಾರ ಗಂಟೆ ಬಾರಿಸಿದ. ಮ್ಯಾನೇಜರ್ ಎರಡು ಸಲ ಕೂಗಿದ. ಕರಿಸಿದ್ದಪ್ಪನೂ ಮಹಾದೇವಯ್ಯನೂ ಬನಿಯನ್‌ನಲ್ಲೇ ಯಂತ್ರದ ಪಕ್ಕ ನಿಂತಿದ್ದರು. ಅಧಿಕಾರಿಗಳು ಇಬ್ಬರನ್ನೂ ಜೀಪಿಗೆ ಹತ್ತಿಸಿಕೊಂಡು ಹೋದರು. ಕೋಟು ಮೊಳೆಯಲ್ಲೇ ಇತ್ತು.