ಹುಸಿ ಕಿಟಕಿ

ಹಿಲಿಯರ್ಡ್ ಸಾಹುಕಾರನ ಬಂಗಲೆಯ ಕಂಬವೊಂದರಲ್ಲಿ ಗಾರೆ ಬಿರುಕು ಬಿಟ್ಟಿತ್ತು. ಅದನ್ನು ಮುಚ್ಚಲು ಏಸಾ ಪ್ರುಯಿಟ್ ಬೆಳಿಗ್ಗೆಯಿಂದ ಅಟ್ಟಣಿಗೆಯ ಮೇಲೆ ನಿಂತಿದ್ದ. ಆಗಸ್ಟ್ ಬಿಸಿಲು ಅಲಬಾಮಾದ ಹತ್ತಿ ಹೊಲಗಳನ್ನು ಬೇಯಿಸುತ್ತಿತ್ತು. ಏಸಾ ಶಾಲೆಯ ಮೆಟ್ಟಿಲು ಹತ್ತದ ಬಡಗಿ. ಹರಿದ ಚಿತ್ರಪುಸ್ತಕವೊಂದನ್ನು ನೋಡಿ ನೋಡಿಯೇ ಗ್ರೀಕರ ಗುಡಿಯಂಥ ಮನೆಗಳನ್ನು ಕಟ್ಟಲು ಕಲಿತವನು. ಇಟ್ಟಿಗೆ ಕಂಬಕ್ಕೆ ಗಾರೆ ಬಳಿದು ಅಮೃತಶಿಲೆಯೆನ್ನಿಸುವುದರಲ್ಲಿ ಅವನನ್ನು ಮೀರಿಸುವವರು ಆ ಸೀಮೆಯಲ್ಲಿರಲಿಲ್ಲ. ಅದರ ಜಂಬವೂ ಅವನಿಗಿತ್ತು.

ಮಧ್ಯಾಹ್ನವಾದರೂ ಊಟ ಬರಲಿಲ್ಲ. ಏಸಾ ಈ ಮನೆ ಕಟ್ಟುವಾಗ ದಿನವೂ ಮುಸುಕಿನ ಜೋಳದ ರೊಟ್ಟಿ, ಮಜ್ಜಿಗೆ ತಂದುಕೊಡುತ್ತಿದ್ದವಳು ಅಡುಗೆಯ ಫೀಬಿ, ಹಿಲಿಯರ್ಡನ ಗುಲಾಮಳು.

"ಫೀಬಿ ಕಾಣ್ತಿಲ್ಲವಲ್ಲ ಧಣಿ?" ಎಂದು ಜಗಲಿಯಲ್ಲಿ ಕೂತಿದ್ದ ಸಾಹುಕಾರನನ್ನು ಕೇಳಿದ.

"ನನ್ನ ಅಪ್ಪಣೆ ಚೀಟಿ ಇಲ್ದೆ ಪಕ್ಕದ ತೋಟಕ್ಕೆ ಹೋಗಿದ್ಲು, ಮಗನಿಗೆ ಜ್ವರ ಅಂತ. ಅವನನ್ನ ಮಾರಿ ವರ್ಷ ಆಯ್ತು, ಇನ್ನೂ ನನ್ನ ಮಗ ನನ್ನ ಮಗ ಅಂತಾಳೆ. ಮೆಟ್ಟಿಲ ಹಿಂದಿನ ಗೂಡಲ್ಲಿ ಕೂಡಿಹಾಕಿದೀನಿ, ನಿನ್ನೆಯಿಂದ."

"ಅಯ್ಯೋ, ಅಲ್ಲಿ ಗಾಳಿನೇ ಆಡಲ್ಲ!"

"ಹೊಡೆದಿಲ್ಲ, ಬಡಿದಿಲ್ಲ ಕಣಯ್ಯ. ಬೇರೆಯವರಾಗಿದ್ರೆ ಬೆನ್ನು ಸುಲೀತಿದ್ರು. ಗಾಳಿ ಬರದಂಗೆ ಕಟ್ಟಿದೋನು ನೀನೇ ತಾನೆ?" ಎಂದು ನಕ್ಕು, ಹಿಲಿಯರ್ಡ್ ಕುದುರೆ ಏರಿ ಹೊಲದ ಕಡೆ ಹೋದ.

ಮಾತು ನಿಜವಾಗಿತ್ತು. ಎಡಕ್ಕೆ ಎಷ್ಟು ಕಿಟಕಿಯೋ ಬಲಕ್ಕೂ ಅಷ್ಟೇ ಇರಬೇಕೆಂಬುದು ಏಸಾನ ಹಟ. ಒಳಗೆ ಮೆಟ್ಟಿಲು ಅಡ್ಡ ಬಂದ ಕಡೆ ಒಂದಿಟ್ಟಿಗೆ ದಪ್ಪದ ಗೋಡೆ ಎಬ್ಬಿಸಿ, ಹೊರಗೆ ಮಾತ್ರ ಸಂದಿಬಿಟ್ಟ ಮರದ ಪಟ್ಟಿಗಳ ಹಸಿರು ಪಟ್ಟಿಬಾಗಿಲು ಜಡಿದು ಹುಸಿ ಕಿಟಕಿ ಮಾಡಿದ್ದ. ನೋಡಿದವರೆಲ್ಲ ಮೆಚ್ಚಿದ್ದರು. ಆ ಗೋಡೆಯ ಒಳಮಗ್ಗುಲಿಗೇ ಫೀಬಿಯಿದ್ದ ಗೂಡು.

ಏಸಾ ಮನೆಯ ಹಿಂದಿನಿಂದ ಸುತ್ತಿ ಆ ಕಿಟಕಿಯ ಬಳಿಗೆ ಓಡಿ ಬಂದು, ಪಟ್ಟಿಬಾಗಿಲ ಮೊಳೆ ಕಿತ್ತು, ಉಳಿಯಿಂದ ಗೋಡೆ ಒಡೆಯತೊಡಗಿದ. ಒಂದು ಇಟ್ಟಿಗೆ ಕಳಚಿತು. ಬೆಂದ ಗಾಳಿಯ ಹಿಂದೆಯೇ ಫೀಬಿಯ ಒಣಗಿದ ದನಿ ಬಂತು.

"ಸಾಕು ಸ್ವಾಮಿ, ಇನ್ನು ಒಡೀಬೇಡಿ."

"ಪೂರ್ತಿ ಒಡೀತೀನಿ ಕಣಮ್ಮ. ಹೊರಗೆ ಬಂದ್ಬಿಡು."

"ಬಂದು ಎಲ್ಲಿಗೆ ಹೋಗ್ಲಿ? ಹಿಂದೆ ಬೇಟೆನಾಯಿ ಬಿಡ್ತಾರೆ."

"ನಾನೇ ಒಡೆದೆ ಅಂತ ಧಣಿಗೆ ಹೇಳ್ತೀನಿ."

"ನೀವು ಹೇಳಿ ಮನೆಗೆ ಹೋಗ್ತೀರಿ. ನಾನು ಇಲ್ಲೇ ಇರ್ಬೇಕಲ್ಲ? ಒಂದು ಗುಟುಕು ನೀರು ಕೊಟ್ಟು ಬಾಗಿಲು ಹಾಕ್ಬಿಡಿ. ಮೊದಲಿದ್ದಂಗೇ ಕಾಣ್ಬೇಕು. ಯಾರಾದ್ರೂ ಬಂದ್ರೆ ಈ ತೂತಿಗೆ ಬೆನ್ನು ಕೊಟ್ಟು ಕೂರ್ತೀನಿ."

ಏಸಾ ತನ್ನ ಕೊರಳವಸ್ತ್ರವನ್ನು ನೀರಲ್ಲಿ ಅದ್ದಿ ಕಿಂಡಿಯೊಳಗೆ ತೂರಿಸಿದ. ಅವಳು ಹೀರಿ ಹೀರಿ ಮರಳಿಸಿದಷ್ಟು ಸಲವೂ ಅದ್ದಿಕೊಟ್ಟ. ಉದುರಿದ ಚೂರುಗಳನ್ನೆಲ್ಲ ಬಳಿದು, ಗಾಳಿಯಾಡಲೆಂದು ಕಿಂಡಿಯನ್ನು ಹಾಗೇ ಬಿಟ್ಟು, ಪಟ್ಟಿಬಾಗಿಲನ್ನು ಮತ್ತೆ ಜಡಿದ. ಹೊರಗಿನಿಂದ ಮನೆ ಮೊದಲಿನಷ್ಟೇ ಚೆಂದ ಕಾಣುತ್ತಿತ್ತು. ಅವನಿಗೆ ತನ್ನ ಕೈಯ ಮೇಲೇ ಹೇಸಿಗೆಯಾಯಿತು.

ಸಂಜೆ ಹಿಲಿಯರ್ಡ್ ಮರಳಿ ಬಂದು ಕಂಬ ಸವರಿ ನೋಡಿದ.

"ಭೇಷ್, ಬಿರುಕು ಇತ್ತು ಅಂತಾನೇ ಗೊತ್ತಾಗಲ್ಲ! ನನ್ನ ಭಾವಮೈದುನನಿಗೂ ಇಂಥದ್ದೇ ಮನೆ ಬೇಕಂತೆ. ಆ ಗೂಡೂ ಇರ್ಲಿ ಅಂದಿದಾನೆ."

"ನನ್ನ ಕೈಲಾಗಲ್ಲ ಧಣಿ. ಇಂಥ ಮನೆ ಇನ್ನು ಯಾರಿಗೂ ಕಟ್ಟಲ್ಲ. ಅವಳನ್ನ ಬಿಟ್ಬಿಡಿ, ಕೈ ಮುಗೀತೀನಿ."

"ಬಿಸಿಲು ತಲೆಗೇರ್ತೇನೋ? ನಿನ್ನ ಕೋಳಿ ಕೂಗದಿದ್ರೆ ಬೆಳಗಾಗಲ್ವಾ? ನಕ್ಷೆ ನನ್ನ ಹತ್ರಾನೇ ಇದೆ. ಯಾವನಾದ್ರೂ ಕಟ್ತಾನೆ."

ಕಟ್ಟುತ್ತಾರೆಂದು ಏಸಾನಿಗೂ ಗೊತ್ತಿತ್ತು. ಸಲಕರಣೆಗಳ ಪೆಟ್ಟಿಗೆಯನ್ನು ಹೆಗಲಿಗೇರಿಸಿ ತಲೆ ತಗ್ಗಿಸಿ ಹೊರಟ. ಅವನಿಗೆ ಬಿಟ್ಟು ಹೋಗಲು ಒಂದು ಕಸುಬಾದರೂ ಇತ್ತು. ಫೀಬಿ ಇನ್ನೂ ಒಳಗೇ ಇದ್ದಳು.